ಪಕ್ಕದ ಹುಡುಗಿಯ ಹಾಜರಿ ನಂಬರು

ನನ್ನ ಮಗಳ ಹಾಜರಿ ನಂಬರು 17. 2023ರ ಜುಲೈ ತಿಂಗಳ ಒಂದು ಸಂಜೆ ಅವಳ ಗಣಿತದ ನೋಟ್‌ಬುಕ್ ತೆರೆದರೆ ಪುಟದ ಮೂಲೆಯಲ್ಲಿ 22 ಎಂದು ಬರೆದಿತ್ತು. ಹಿಂದಿನ ಪುಟ ತಿರುವಿದೆ, ಅಲ್ಲೂ 22. ಅದು ಅವಳ ಪಕ್ಕ ಕೂಡುವ ಹುಡುಗಿಯ ನಂಬರು. ಆ ಹುಡುಗಿಯ ಪುಟವನ್ನು ನನ್ನ ಮಗಳು ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡಿದ್ದಳು. ಲೆಕ್ಕ, ಲೆಕ್ಕದ ತಪ್ಪು, ತಪ್ಪಿನ ಮೇಲೆ ಎಳೆದ ಗೆರೆ, ಕೊನೆಗೆ ಮೂಲೆಯ ನಂಬರನ್ನೂ ಬಿಟ್ಟಿರಲಿಲ್ಲ.

ಆ ಹೊತ್ತಿಗಾಗಲೇ ಶಾಲೆಯಿಂದ ಎರಡು ಸಲ ಕರೆ ಬಂದಿತ್ತು. ನಾಲ್ಕನೇ ಇಯತ್ತೆಗೆ ಬಂದರೂ ಹಲಗೆ ನೋಡಿ ಬರೆಯುವುದಿಲ್ಲ, ಎಲ್ಲದರಲ್ಲೂ ಸೋಮಾರಿ, ಬುದ್ಧಿ ಮಂದ ಇದ್ದಂತಿದೆ ಎಂದಿದ್ದರು. ಆ ಮಾತು ತಲೆಯೊಳಗೆ ಕುದಿಯುತ್ತಿತ್ತು. ಮುಂದೆ ಹೊಲಿಗೆ ಮಷೀನಿನ ಮೇಲೆ ಮರದ ಸ್ಕೇಲು ಇತ್ತು. "ಕದ್ದು ಬರೀತೀಯೇನ?" ಎಂದು ಅಂಗೈ ಮೇಲೆ ಮೂರು ಏಟು ಹೊಡೆದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇದನ್ನು ಬಿಟ್ಟು ಮುಂದಿನದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕು. ಗೋವೆಯ ಝುವಾರಿನಗರಕ್ಕೆ ಬಂದು ಹದಿಮೂರು ವರ್ಷ ದಾಟಿತು. 1970ರ ದಶಕದಲ್ಲಿ ಇಲ್ಲಿ ಬಿರ್ಲಾದವರ ಗೊಬ್ಬರದ ಕಾರ್ಖಾನೆ ಶುರುವಾಯಿತು. ನಮ್ಮ ಜನ ಇವತ್ತಿಗೂ ಈ ಊರನ್ನು ಬಿರ್ಲಾ ಎಂದೇ ಕರೆಯುತ್ತಾರೆ. ಗದಗ, ಬಾಗಲಕೋಟೆ, ಕೊಪ್ಪಳ, ಹಾವೇರಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ, ಲೋಡಿಂಗಿಗೆ, ಬಂದರಿನ ಕೆಲಸಕ್ಕೆ ಬಂದವರು ಇಲ್ಲಿನ ಓಣಿಗಳ ತುಂಬ ಇದ್ದೇವೆ. ನಮ್ಮ ಮನೆಯವರು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ, ನಾನು ಖೋಲಿಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹತ್ತು ಅಡಿ ಉದ್ದದ ಒಂದೇ ಖೋಲಿ, ಒಂದು ಟ್ಯೂಬ್‌ಲೈಟು. ಗೋಡೆಯಿಂದ ಗೋಡೆಗೆ ಅಷ್ಟೇ ದೂರ ಇರುವ ಮನೆಯಲ್ಲಿ ಮಗುವಿಗೆ ದೂರದ್ದು ಕಾಣುತ್ತದೋ ಇಲ್ಲವೋ ಎಂದು ಗೊತ್ತಾಗುವುದಾದರೂ ಹೇಗೆ? ಅವಳು ಒಂದನೇ ಇಯತ್ತೆ ಸೇರಬೇಕಾದ 2020ರಲ್ಲಿ ಲಾಕ್‌ಡೌನ್ ಬಿತ್ತು. ಎರಡು ವರ್ಷ ಅಪ್ಪನ ಫೋನನ್ನು ಮೂಗಿಗೆ ಹತ್ತಿಸಿಕೊಂಡು ಪಾಠ ಕೇಳಿದಳು. ಫೋನು ಸಣ್ಣದು, ಅದಕ್ಕೆ ಹಾಗೆ ಹಿಡಿಯುತ್ತಾಳೆ ಎಂದುಕೊಂಡಿದ್ದೆ.

ದಾಬೋಳಿ ವಿಮಾನ ನಿಲ್ದಾಣ ನಮಗೆ ಬಲು ಹತ್ತಿರ. ಇಳಿಯುವ ವಿಮಾನಗಳು ತಲೆಯ ಮೇಲೇ ಬಂದ ಹಾಗೆ ಬರುತ್ತವೆ. ಓಣಿಯ ಹುಡುಗರಿಗೆಲ್ಲ ಅದೊಂದು ಆಟ, ಬಾಲದ ಬಣ್ಣ ನೋಡಿ ಯಾವ ಕಂಪನಿಯದೆಂದು ಮೊದಲು ಕೂಗಿದವರು ಗೆದ್ದಂತೆ. ಏಟು ತಿಂದ ಆ ವಾರದ ಭಾನುವಾರ ಮಾಳಿಗೆ ಮೇಲೆ ಬಟ್ಟೆ ಹರವುತ್ತಿದ್ದೆ. ಐದು ವರ್ಷದ ಮಗ "ನೀಲಿ ಬಾಲ!" ಎಂದು ಕೂಗಿದ. ಮಗಳು ಅವನ ಹಿಂದೆಯೇ "ನೀಲಿ ಬಾಲ!" ಎಂದಳು. ಮುಂದಿನದಕ್ಕೆ ಅವನು "ಕೆಂಪು" ಎಂದ, ಇವಳೂ ಕೆಂಪು ಎಂದಳು. ಮೂರನೆಯದು ಬರುವಾಗ ಮಗನ ಬಾಯಿ ಮುಚ್ಚಿ ಹಿಡಿದೆ.

"ಹೇಳವ್ವಾ, ಯಾವ ಬಣ್ಣ?"

ಅವಳು ಆಕಾಶಕ್ಕೆ ಮುಖ ಮಾಡಿ ನಿಂತಳು, ಕಣ್ಣು ಕಿರಿದು ಮಾಡಿದಳು. "ಸಪ್ಪಳ ಬರಾಕತ್ತೈತಿ" ಎಂದಳು.

ಬಗ್ಗಿ ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ, ಸುಮ್ಮನೆ ನಿಂತಿದ್ದಳು. ಎಡಗಣ್ಣು ಮುಚ್ಚಿದಾಗ ಎರಡೂ ಕೈಯಿಂದ ನನ್ನ ಕೈ ದೂಡಿದಳು. "ಯವ್ವಾ, ಕೈ ತಗಿ. ಎಲ್ಲಾ ಅಳಿಸಿ ಹೋತು."

ಒಂಬತ್ತು ವರ್ಷ ಅವಳು ಒಂದು ದಿನವಾದರೂ ಕಣ್ಣು ಕಾಣಿಸುವುದಿಲ್ಲ ಎಂದಿರಲಿಲ್ಲ. ಹೇಗೆ ಅಂದಾಳು? ಹಲಗೆ ಎಂದರೆ ಬಿಳಿ ಮಸುಕು ಇರುವ ಕರಿ ಮಸುಕು, ಅದನ್ನು ಉಳಿದವರು ಹೇಗೋ ಓದುತ್ತಾರೆ, ತನಗೆ ಬರುವುದಿಲ್ಲ, ಆದ್ದರಿಂದ ತಾನು ದಡ್ಡಿ. ಅವಳ ಲೆಕ್ಕ ಇಷ್ಟೇ ಇತ್ತು. ನಾವು ದೊಡ್ಡವರೆಲ್ಲ ಸೇರಿ ಆ ಲೆಕ್ಕ ಸರಿ ಎಂದು ಒಪ್ಪಿ ಸಹಿ ಹಾಕಿದ್ದೆವು.

ನಮ್ಮ ಕಡೆ ಕಣ್ಣಿನ ರೋಗ ಎಂದರೆ ಮುದುಕರದು. ನನ್ನ ಅಜ್ಜಿಯ ಪೊರೆ ತೆಗೆದದ್ದು ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ. ಬೀಳಗಿಯಲ್ಲಿ ಹುಟ್ಟಿದ ಮೋದಿಯವರು ಊರೂರಿಗೆ ಹೋಗಿ ಒಂದೊಂದು ದಿನ ನೂರಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಜ್ಜಿ ಸಾಯುವ ತನಕ ಅವರ ಹೆಸರು ಹೇಳಿ ಕೈ ಮುಗಿಯುತ್ತಿದ್ದಳು. ಅಂಥ ಪುಣ್ಯಾತ್ಮರು ನಡೆದಾಡಿದ ಸೀಮೆಯಲ್ಲೂ ಓದುವ ಮಗುವಿನ ಕಣ್ಣು ತೋರಿಸಬೇಕು ಎಂಬ ಮಾತನ್ನು ನಾನು ಎಲ್ಲೂ ಕೇಳಿ ಬೆಳೆದಿರಲಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆ, ಹುಟ್ಟಿದ ಮಗುವಿನಿಂದ ಹದಿನೆಂಟು ವರ್ಷದವರೆಗೆ ತಪಾಸಣೆ ಮಾಡುತ್ತಾರೆ, ತಂಡ ಶಾಲೆಗೂ ಬರುತ್ತದೆ ಎಂದು ಆಮೇಲೆ ತಿಳಿಯಿತು. ನಮ್ಮ ಶಾಲೆಗೆ ತಂಡ ಬಂದ ದಿನ ನಾವು ಜಾತ್ರೆಗೆಂದು ಊರಿಗೆ ಹೋಗಿದ್ದೆವು. ದುಡಿಯಲು ಬಂದವರ ಮಕ್ಕಳ ಹಾಜರಿ ಹೀಗೇ, ಜಾತ್ರೆ, ಸುಗ್ಗಿ, ಮದುವೆ ಎಂದು ತಿಂಗಳಿಗೊಮ್ಮೆ ತಪ್ಪುತ್ತಿರುತ್ತದೆ.

ಗೊತ್ತಾದ ಮೇಲೂ ನಾನು ನೆಟ್ಟಗೆ ಆಸ್ಪತ್ರೆಗೆ ಹೋಗಲಿಲ್ಲ. ಪಂಚಮಿ ಹಬ್ಬಕ್ಕೆ ಅತ್ತೆ ಊರಿಂದ ಬಂದಿದ್ದರು. "ಹೆಣ್ಣುಹುಡುಗಿಗೆ ಈಗಿಂದ ಚಸಮಾ ಹಚ್ಚಿದರ ಮುಂದ ಯಾರು ಮಾಡ್ಕೊಂತಾರ? ಕಣ್ಣಿಗೆ ಉಷ್ಣ ಆಗೈತಿ" ಎಂದು ನಂದಿಬಟ್ಟಲ ಹೂವು ತರಿಸಿದರು. ಹೂವನ್ನು ಹಿಂಡಿ ಬಟ್ಟೆಯಲ್ಲಿ ಸೋಸಿ ಎರಡೂ ಕಣ್ಣಿಗೆ ಬಿಟ್ಟವಳು ನಾನೇ. ಏಳು ದಿನ. ಮೂರನೇ ದಿನಕ್ಕೆ ಕಣ್ಣು ಕೆಂಪಾದವು, ಪಿಸರು ಕಟ್ಟಿ ಬೆಳಿಗ್ಗೆ ರೆಪ್ಪೆ ಬಿಚ್ಚಲು ಆಗುತ್ತಿರಲಿಲ್ಲ. ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ ಎಂದರು ಅತ್ತೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮೊಮ್ಮಗಳ ಮೇಲೆ ಜೀವ. ಆದರೆ ತೊಳೆಯದ ಬಟ್ಟಲು, ಓಣಿಯ ಧೂಳು ಕುಡಿದ ಹೂವು, ನನ್ನ ಬೆರಳು, ಇವೆಲ್ಲ ಸೇರಿ ಆ ಕಣ್ಣಿಗೆ ಏನು ಬೇಕಾದರೂ ಆಗಬಹುದಿತ್ತು. ಕರಿಗುಡ್ಡೆಗೆ ಹುಣ್ಣಾಗಿ ಕಣ್ಣೇ ಹೋದವರಿದ್ದಾರೆ ಎಂದು ಆಮೇಲೆ ಡಾಕ್ಟರು ಹೇಳಿದಾಗ ಕೂತಲ್ಲೇ ನನ್ನ ಕಾಲು ತಣ್ಣಗಾದವು. ಗಜ್ಜರಿಯನ್ನೂ ತಿನ್ನಿಸಿದ್ದೆ. ಅದು ಒಳ್ಳೆಯದೇ. ವಿಟಮಿನ್ ಎ ಕಡಿಮೆಯಾಗಿ ಬರುವ ಇರುಳುಗುರುಡಿಗೆ ಅಂಥ ಆಹಾರ ಬೇಕು, ಅಂಗನವಾಡಿಯಲ್ಲಿ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ಹನಿ ಹಾಕುವುದೂ ಅದಕ್ಕೇ. ಆದರೆ ಗಜ್ಜರಿ ತಿಂದರೆ ಕಣ್ಣಿನ ನಂಬರು ಇಳಿಯುವುದಿಲ್ಲ.

ಆಮೇಲೆ ಒಂದು ಚಸಮಾ ಅಂಗಡಿಗೆ ಹೋದೆವು. ಮಷೀನಿನ ಮುಂದೆ ಗದ್ದ ಇಡಿಸಿ ಎರಡು ನಿಮಿಷದಲ್ಲಿ ಚೀಟಿ ತೆಗೆದರು. ಸಾವಿರದ ನಾನೂರು ರೂಪಾಯಿ, ನಮ್ಮ ಮನೆಯವರ ಎರಡು ದಿನದ ಪಗಾರ. ಆ ಕನ್ನಡಕ ಹಾಕಿಕೊಂಡರೆ ಮಗಳಿಗೆ ತಲೆನೋವು, ಎರಡು ಸಲ ವಾಂತಿಯೂ ಆಯಿತು. ತೆಗೆದಿಟ್ಟರೆ ನಾನು ಬೈಯುತ್ತಿದ್ದೆ, ದುಡ್ಡು ಕೊಟ್ಟಿದ್ದೇವಲ್ಲ ಎಂದು. ತಪ್ಪು ಎಲ್ಲಿತ್ತೆಂದು ಆಮೇಲೆ ತಿಳಿಯಿತು. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಲು ಚುರುಕು. ಮಷೀನು ನೋಡುವಾಗ ಅದು ಬಿಗಿಹಿಡಿದು ಬಿಡುತ್ತದೆ, ನಂಬರು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಹನಿ ಹಾಕಿ ಆ ಸ್ನಾಯುವನ್ನು ಸಡಿಲ ಬಿಡಿಸಿದ ಮೇಲೆಯೇ ಮಗುವಿನ ನಂಬರು ತೆಗೆಯಬೇಕು.

ಸೆಪ್ಟೆಂಬರಿನಲ್ಲಿ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೊರಟೆವು. ಕುಠ್ಠಾಳಿ ದಾಟಿದರೆ ಝುವಾರಿ ಹೊಳೆ. ಹೊಸ ಸೇತುವೆಯ ಒಂದು ಬದಿ ಹಿಂದಿನ ಡಿಸೆಂಬರಿನಲ್ಲಷ್ಟೇ ತೆರೆದಿತ್ತು. ಬಸ್ಸಿನಲ್ಲಿದ್ದವರೆಲ್ಲ ಆ ಎತ್ತರದ ಕಂಬಗಳನ್ನು, ಇಳಿಬಿದ್ದ ಕೇಬಲ್ಲುಗಳನ್ನು ಕತ್ತು ಚಾಚಿ ನೋಡುತ್ತಿದ್ದರು. ಮಗಳೂ ಅತ್ತ ಮುಖ ಮಾಡಿದ್ದಳು. ಏನು ಕಾಣುತ್ತದೆ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ನನಗೆ ಇಂಗ್ಲಿಷ್ ಬರುವುದಿಲ್ಲ, ಕೊಂಕಣಿ ಸಂತೆಯಲ್ಲಿ ಸಾಕಾಗುವಷ್ಟು ಮಾತ್ರ. ಗೋಡೆಯ ಮೇಲಿನ ಪಟದಲ್ಲಿ ಇಂಗ್ಲಿಷ್ ಅಕ್ಷರ, ಮಗಳು ಓದುವುದು ಕನ್ನಡ. ಅಕ್ಷರ ಗೊತ್ತಿಲ್ಲದ್ದಕ್ಕೆ ಇಲ್ಲೂ ದಡ್ಡಿ ಎಂದುಬಿಟ್ಟಾರು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿದ್ದವರು ಪಟ ಬದಲಿಸಿದರು. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು, ಹಲ್ಲು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಯಾವ ಕಡೆಗೆ ಎಂದು ಬೆರಳಿನಲ್ಲಿ ತೋರಿಸಿದರೆ ಸಾಕು. ಅಕ್ಷರ ಕಲಿಯದ ಮಗುವನ್ನೂ ಹೀಗೆ ಪರೀಕ್ಷೆ ಮಾಡಬಹುದಂತೆ. ಎಡಗಣ್ಣಿನಿಂದ ಮೂರು ಸಾಲು ತೋರಿಸಿದಳು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡು ಎಂದಾಗ ಎಲ್ಲಕ್ಕಿಂತ ಮೇಲಿನ ದೊಡ್ಡ ಗುರುತಿಗೂ ಬೆರಳು ಎತ್ತಲಿಲ್ಲ. ನನ್ನ ಕಡೆ ತಿರುಗಿದಳು. ಪಕ್ಕದ ಹುಡುಗಿಯ ಪುಟಕ್ಕೆ ತಿರುಗುತ್ತಿದ್ದದ್ದೂ ಹೀಗೆಯೇ ಇರಬೇಕು.

ಹನಿ ಬಿಟ್ಟು ಒಂದು ತಾಸು ಬಾಕಿನ ಮೇಲೆ ಕೂಡಿಸಿದರು. ಕಣ್ಣಿನ ಪಾಪೆ ಕರಿಮಣಿಯಷ್ಟು ಅಗಲವಾಯಿತು, ಬೆಳಕು ಚುಚ್ಚುತ್ತದೆ ಎಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪರೀಕ್ಷೆ ಮುಗಿಸಿ ಡಾಕ್ಟರಮ್ಮ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ನಾನು ತಪ್ಪಿದಲ್ಲೆಲ್ಲ ಹಾವೇರಿ ಕಡೆಯ ಒಬ್ಬ ಆಯಾ ಕನ್ನಡದಲ್ಲಿ ತಿಳಿಸಿದಳು. ಎಡಗಣ್ಣಿಗೆ ಮೈನಸ್ ಒಂದೂವರೆ, ಬಲಗಣ್ಣಿಗೆ ಮೈನಸ್ ಆರು. ಗುಡ್ಡೆ ಉದ್ದಕ್ಕೆ ಬೆಳೆದಿದೆ, ಬಿಂಬ ಹಿಂಬದಿಯ ಪರದೆಗೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ, ಅದಕ್ಕೇ ದೂರದ್ದು ಮಸುಕು. ಇದಕ್ಕೆ ಸಮೀಪದೃಷ್ಟಿ ಎನ್ನುತ್ತಾರೆ. ಎಷ್ಟು ಉದ್ದ ಎಂದು ಕೇಳಿದೆ, ಅಳತೆಯ ಕೆಲಸದವಳಾದ್ದರಿಂದ ಬಾಯಿಗೆ ಬಂತು. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್, ಅದರಲ್ಲಿ ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆ, ಮೂರು ನಂಬರು ಏರುತ್ತದೆ ಎಂದರು. ಬ್ಲೌಸಿನಲ್ಲಿ ಒಂದು ಮಿಲಿಮೀಟರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಗುವಿನ ಹಣೆಬರಹ ಎರಡು ಮಿಲಿಮೀಟರಿನಲ್ಲಿ ಇತ್ತು.

ಕಷ್ಟದ ಮಾತು ಆಮೇಲೆ ಬಂತು. ಬರೀ ನಂಬರು ಇದ್ದಿದ್ದರೆ ಕನ್ನಡಕ ಹಾಕಿದರೆ ಮುಗಿಯುತ್ತಿತ್ತು. ಎರಡು ಕಣ್ಣಿಗೆ ಇಷ್ಟು ಅಂತರ ಇದ್ದಾಗ ಮೆದುಳು ಚೊಕ್ಕ ಬಿಂಬ ಕಳಿಸುವ ಕಣ್ಣನ್ನು ಇಟ್ಟುಕೊಂಡು ಮಸುಕು ಕಳಿಸುವುದನ್ನು ಕೈಬಿಡುತ್ತದೆ. ವರ್ಷಗಟ್ಟಲೆ ಕೈಬಿಟ್ಟ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಸರಿಯಾದ ಗಾಜು ಹಾಕಿದರೂ ಅವಳ ಬಲಗಣ್ಣು 6/24ಕ್ಕೆ ನಿಂತಿತು. ಅಂದರೆ ಸರಿಯಾದ ಕಣ್ಣು 24 ಮೀಟರಿನಿಂದ ಓದುವುದನ್ನು ಆ ಕಣ್ಣು 6 ಮೀಟರಿಗೆ ಬಂದು ಓದಬೇಕು. ಇದರ ಹೆಸರು ಆಂಬ್ಲಿಯೋಪಿಯಾ. ಸೋಮಾರಿ ಕಣ್ಣು ಎಂದು ಕನ್ನಡದಲ್ಲಿ ಬರೆಯುತ್ತಾರೆ. ಆ ಹೆಸರು ನನಗೆ ಸರಿಬರುವುದಿಲ್ಲ. ಶಾಲೆಯಲ್ಲಿ ಮಗುವಿಗೆ ಅದೇ ಮಾತು ಅಂದಿದ್ದರು. ಕೆಲಸ ಕೊಡದೆ ಮೂಲೆಗೆ ಕೂಡಿಸಿದ ಕಣ್ಣು ಅದು, ಸೋಮಾರಿಯಲ್ಲ.

"ಏಳು ವರ್ಷದೊಳಗೆ ಬಂದಿದ್ದರೆ ಬಲು ಚೆನ್ನಾಗಿತ್ತು. ಈಗಲೂ ಬಾಗಿಲು ಮುಚ್ಚಿಲ್ಲ, ಆದರೆ ಕಷ್ಟಪಡಬೇಕು" ಎಂದರು. ದಿನವೆಲ್ಲ ಕನ್ನಡಕ, ದಿನಕ್ಕೆ ಎರಡು ತಾಸು ಒಳ್ಳೆಯ ಎಡಗಣ್ಣಿಗೆ ಪಟ್ಟಿ. ಆ ಎರಡು ತಾಸು ಬಲಗಣ್ಣೇ ದುಡಿಯಬೇಕು, ಅದೂ ಸೂಕ್ಷ್ಮದ ಕೆಲಸ. ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಕನ್ನಡಕ ಬಂದ ದಿನ ನಾನು ಮಷೀನಿನ ಮುಂದೆ ಕೂತಿದ್ದೆ, ಅವಳು ಬಾಗಿಲಲ್ಲಿ ನಿಂತಿದ್ದಳು. ಬಹಳ ಹೊತ್ತು ನೋಡಿ, "ಯವ್ವಾ, ನೀ ಹೊಲಿಯುವಾಗ ತುಟಿ ಕಚ್ಕೊಂತಿ" ಎಂದಳು. ಹತ್ತು ಅಡಿ ಖೋಲಿ. ಆ ಬಾಗಿಲಿಗೂ ನನ್ನ ಮುಖಕ್ಕೂ ನಡುವಿನ ಅಷ್ಟು ದೂರದಲ್ಲೇ ಇಷ್ಟು ವರ್ಷ ನಾನು ಅವಳಿಗೆ ಕಂಡಿರಲಿಲ್ಲ. ನಗುತ್ತಿದ್ದೇನೋ ಸಿಟ್ಟಾಗಿದ್ದೇನೋ ಎಂಬುದನ್ನು ದನಿ ಕೇಳಿಯೇ ತಿಳಿಯುತ್ತಿದ್ದಳು. ನಾನು ಹೆಚ್ಚು ಏರಿಸಿದ್ದು ದನಿಯನ್ನೇ.

ಪಟ್ಟಿ ಮಾತ್ರ ನಮ್ಮನ್ನು ಹಣ್ಣು ಮಾಡಿತು. ಅಂಟಿಸುವ ಪಟ್ಟಿ ತಂದೆ. ಗೋವೆಯ ಬೆವರಿಗೆ ಒಂದು ವಾರದಲ್ಲೇ ಕಣ್ಣ ಸುತ್ತ ಕೆಂಪು ಗಂಧೆ ಎದ್ದು, ಕೀಳುವಾಗ ಹುಬ್ಬಿನ ಕೂದಲೂ ಬಂದವು. ಬಟ್ಟೆಯದು ಹೊಲಿಯಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ, ಸಂದಿ ಇರಬಾರದು, ಅಷ್ಟೇ ಎಂದರು. ಕಪ್ಪು ಕಾಟನ್ ಲೈನಿಂಗನ್ನು ಎರಡು ಪದರ ಮಾಡಿ, ನಡುವೆ ಕಾಲರಿಗೆ ಹಾಕುವ ಕ್ಯಾನ್ವಾಸ್ ಇಟ್ಟು, ಕನ್ನಡಕದ ಎಡಗಾಜಿಗೆ ಚೀಲದಂತೆ ತೊಡಿಸಿದೆ. ಮೊದಲನೆಯದರಲ್ಲಿ ಮೂಗಿನ ಕಡೆಯಿಂದ ಇಣುಕಿದಳು. ಎರಡನೆಯದರಲ್ಲಿ ಕಿವಿಯ ಕಡೆಯಿಂದ. ಮೂರನೆಯದಕ್ಕೆ ಪಕ್ಕದಲ್ಲಿ ಎರಡು ಬೆರಳಗಲದ ರೆಕ್ಕೆ ಬಿಟ್ಟು ಕೆನ್ನೆಗೆ ಕೂಡುವ ಹಾಗೆ ಪ್ಲೀಟ್ ಹಿಡಿದೆ. ಅದು ನಿಂತಿತು. ತೊಳೆಯಲು ಇರಲಿ ಎಂದು ನಾಲ್ಕು ಹೊಲಿದಿಟ್ಟೆ.

ಸಂಜೆ ಐದರಿಂದ ಏಳು. ಗುಂಡಿ ಡಬ್ಬಿ ಸುರುವಿ ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ ಮಾಡು ಎನ್ನುತ್ತಿದ್ದೆ. ಮಣಿ ಪೋಣಿಸುವುದು, ಶುದ್ಧಬರಹ, ರಂಗೋಲಿ ಚುಕ್ಕಿ ಕೂಡಿಸುವುದು. ಮೊದಲ ತಿಂಗಳು ದಿನಾ ಅತ್ತಳು. ಕಣ್ಣೀರಿಗೆ ಪಟ್ಟಿ ಒದ್ದೆಯಾಗುತ್ತಿತ್ತು, ಬದಲಿಸಿ ಮತ್ತೆ ಕೂಡಿಸುತ್ತಿದ್ದೆ. ಕಾಣುವ ಕಣ್ಣನ್ನು ಮುಚ್ಚಿ ಕಾಣದ ಕಣ್ಣಿನಿಂದ ನೋಡು ಎಂದು ಮಗುವಿಗೆ ಹೇಳುವುದು ಎಂಥ ಕ್ರೂರ ಕೆಲಸ ಎಂದು ಹೇಳಿದವರಿಗೇ ಗೊತ್ತು. ಒಂದು ರಾತ್ರಿ ನಮ್ಮ ಮನೆಯವರು "ಬಿಡು, ಒಂದು ಕಣ್ಣು ಚಲೋ ಐತೆಲ್ಲ, ಅದರ ಮ್ಯಾಲೆ ಬದುಕ್ತಾಳ" ಎಂದರು. ಸೆಂಟ್ರಿಂಗ್ ಕೆಲಸದಲ್ಲಿ ಮೊಳೆ ಸಿಡಿದು ಅವರ ಜೊತೆಗಾರನಿಗೆ ಒಂದು ಕಣ್ಣು ಹೋಗಿದೆ. ಅವನನ್ನು ನೆನಪಿಸಿದೆ. ಆ ಮೇಲೆ ಅವರು ಬಿಡು ಎನ್ನಲಿಲ್ಲ, ತಾವೇ ಕೂತು ಗುಂಡಿ ಆರಿಸಿದರು.

ಓಣಿಯಲ್ಲಿ ಅವಳನ್ನು ಸೋಡಾಬುಡ್ಡಿ ಎಂದರು, ಪಟ್ಟಿ ಕಂಡು ಒಕ್ಕಣ್ಣಿ ಎಂದರು. ಅದಕ್ಕೇ ಪಟ್ಟಿಯನ್ನು ಶಾಲೆಯ ಹೊತ್ತಿಗೆ ಇಡಲಿಲ್ಲ. ಕನ್ನಡಕ ಹಾಕಿದರೆ ನಂಬರು ಏರುತ್ತದೆ, ತೆಗೆಸು ಎಂದು ಹೇಳಿದ ದೊಡ್ಡವರೂ ಬಹಳ. ಏರಿಸುವುದು ಕನ್ನಡಕವಲ್ಲ, ಬೆಳೆಯುವ ಗುಡ್ಡೆ. ಹಾಕದಿದ್ದರೆ ಆ ಕಣ್ಣು ಮತ್ತೆ ಮೂಲೆ ಸೇರುತ್ತದೆ.

ಹೊರಗಿನ ಬೆಳಕಿನ ಮಾತು ಬೇರೆ ಇತ್ತು. ದಿನಕ್ಕೆ ಎರಡು ತಾಸಾದರೂ ಹಗಲಿನಲ್ಲಿ ಬಯಲಲ್ಲಿರುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಗಿದೆ, ಅಲ್ಲೂ ಹಾಗೇ ಕಂಡಿತ್ತು. ನಮ್ಮ ಓಣಿಯಲ್ಲಿ ಹೆಣ್ಣುಮಗುವನ್ನು ಎಲ್ಲಿ ಬಿಡಲಿ? ಹೆದ್ದಾರಿಯಲ್ಲಿ ಲಾರಿ, ಸಂದಿಯಲ್ಲಿ ಬೈಕು, ಮಳೆಗಾಲವೇ ನಾಲ್ಕು ತಿಂಗಳು. ಕೊನೆಗೆ ನಾನೇ ಹೊಲಿಗೆ ಬಿಟ್ಟು ನಾಲ್ಕು ಗಂಟೆಗೆ ಎರಡೂ ಮಕ್ಕಳನ್ನು ಬಿರ್ಲಾ ಮಂದಿರದ ದಿಬ್ಬದ ಕಡೆ ಕರೆದೊಯ್ಯಲು ಶುರು ಮಾಡಿದೆ. ದಿನಕ್ಕೆ ಒಂದು ಬ್ಲೌಸ್ ಕಡಿಮೆಯಾಯಿತು, ಆಗಲಿ ಎಂದೆ.

ಶಾಲೆಗೆ ಡಾಕ್ಟರ ಚೀಟಿ ತೋರಿಸಿದೆ. ಮುಂದಿನ ಬೆಂಚಿಗೆ ಕೂಡಿಸಿದರು. ಬುದ್ಧಿ ಮಂದ ಎಂದಿದ್ದವರು ಆ ಚೀಟಿಯನ್ನು ಎರಡು ಸಲ ಓದಿ, "ನಮಗ ಗೊತ್ತಾಗ್ಲಿಲ್ಲವ್ವಾ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ನಾನೂ ಹೊಡೆದವಳೇ, ಏನು ಹೇಳಲಿ. ಅರವತ್ತು ಮಕ್ಕಳ ಕೋಣೆಯಲ್ಲಿ ಯಾರು ಕಣ್ಣು ಕಿರಿದು ಮಾಡುತ್ತಾರೆ, ಯಾರು ತಲೆ ಓರೆ ಮಾಡಿ ನೋಡುತ್ತಾರೆ, ಯಾರು ಪಕ್ಕದವರ ಪುಟಕ್ಕೆ ಬಗ್ಗುತ್ತಾರೆ ಎಂದು ಗಮನಿಸಲು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

2024ರ ಅಕ್ಟೋಬರಿಗೆ ಬಲಗಣ್ಣು 6/12ಕ್ಕೆ ಬಂತು. ಎಡಗಣ್ಣಿನಷ್ಟು ಆಗಲಾರದು ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದಾರೆ. ಇನ್ನಷ್ಟು ಬೇಗ ಬಂದಿದ್ದರೆ ಆಗುತ್ತಿತ್ತು ಎಂಬುದನ್ನು ಅವರು ಹೇಳುವುದಿಲ್ಲ, ನನಗೆ ಗೊತ್ತು. ನಂಬರು ಓಡದಂತೆ ತಡೆಯಲು ರಾತ್ರಿ ಹಾಕುವ ತೀರ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಶುರುವಾಗಿದೆ. ಇಷ್ಟು ಉದ್ದ ಬೆಳೆದ ಗುಡ್ಡೆಯಲ್ಲಿ ಹಿಂದಿನ ಪರದೆ ತೆಳುವಾಗಿರುತ್ತದೆ, ಅದನ್ನು ವರ್ಷಕ್ಕೊಮ್ಮೆ ಬದುಕಿರುವ ತನಕ ನೋಡಿಸಬೇಕು. ಮಗನನ್ನೂ ಹನಿ ಹಾಕಿಸಿ ತೋರಿಸಿದೆ. ಎರಡೂ ಕಣ್ಣು ನೆಟ್ಟಗಿವೆ.

ಈಗ ಬ್ಲೌಸಿನ ಅಳತೆ ಕೊಡಲು ಬರುವ ಹೆಂಗಸರ ಜೊತೆ ಮಕ್ಕಳು ಬಂದರೆ ನಾನು ಸುಮ್ಮನಿರುವುದಿಲ್ಲ. ಎದುರು ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ಕಣ್ಣು ಮುಚ್ಚಿಸಿ ತಾರೀಕು ಓದಿಸುತ್ತೇನೆ, ಆಮೇಲೆ ಇನ್ನೊಂದು ಕಣ್ಣು. ಇದು ಡಾಕ್ಟರ ಪರೀಕ್ಷೆಯಲ್ಲ ಎಂದು ಮೊದಲೇ ಹೇಳುತ್ತೇನೆ. ಮುಚ್ಚುವ ಕೆಲಸ ಮಗಳದು. ಬೆರಳ ಸಂದಿಯಿಂದ ಇಣುಕುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತು, ಅಂಗೈಯನ್ನು ಬಟ್ಟಲು ಮಾಡಿ ಕಣ್ಣಿಗೆ ಒತ್ತದೆ ಮುಚ್ಚುತ್ತಾಳೆ. ಹೋದ ತಿಂಗಳು ಕೊಪ್ಪಳದ ಕಡೆಯವರ ಆರು ವರ್ಷದ ಹುಡುಗನ ಎಡಗಣ್ಣು ಮುಚ್ಚಿದಾಗ ಅವನು ಅವಳ ಕೈ ದೂಡಿದ. ಮಗಳು ಕೈ ತೆಗೆದು ನನ್ನ ಕಡೆ ನೋಡಿದಳು. ನಾನು ಟೇಪು ಮಡಚಿ ಇಟ್ಟು ಆ ತಾಯಿಗೆ ಬಾಂಬೋಲಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳತೊಡಗಿದೆ.